ಕಳುಹಿಸಲ್ಪಡದ ಮರಿಯ

ಅಮೆರಿಕದ ಸಂಗೀತ ರಚನಕಾರ ಜಾನ್ ಆಡಮ್ಸ್ ಅವರ ‘ದಿ ಗಾಸ್ಪೆಲ್ ಅಕಾರ್ಡಿಂಗ್ ಟು ದಿ ಅದರ್ ಮೇರಿ’ ಎಂಬ ಒರಟೋರಿಯೊ 2012ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲು ಪ್ರಸ್ತುತಗೊಂಡಿತು. ಪೀಟರ್ ಸೆಲ್ಲರ್ಸ್ ಹೆಣೆದ ಪಠ್ಯದಲ್ಲಿ ಶುಭಸಂದೇಶದೊಡನೆ ಡೊರೊಥಿ ಡೇ ಅವರ ಬರಹಗಳೂ ಸೇರಿವೆ. ಮರಿಯ ಮತ್ತು ಮಾರ್ತ ಇಲ್ಲಿ ಬಡ ಸ್ತ್ರೀಯರಿಗೆ ಆಶ್ರಯತಾಣ ನಡೆಸುವವರು. ಯೇಸುವಿನ ಪಾತ್ರಕ್ಕೆ ಗಾಯಕನಿಲ್ಲ. ಪ್ರಭುವಿನ ನುಡಿಯನ್ನು ನಾವು ಈ ಸೋದರಿಯರಿಂದ, ಲಾಜರನಿಂದ, ಮೂವರು ಕೌಂಟರ್‌ಟೆನರ್ ಗಾಯಕರಿಂದ ಕೇಳುತ್ತೇವೆ. ವಾಕ್ಯವು ಸಾಕ್ಷಿಗಳ ಮೂಲಕವೇ ನಮ್ಮನ್ನು ತಲುಪುತ್ತದೆಂಬ ಸತ್ಯ ಇಲ್ಲಿ ನಾದವಾಗಿದೆ. ಇದು ಕೃತಿಯ ನಿಜವಾದ ಸಾಧನೆ.

ನಮ್ಮ ಆಕ್ಷೇಪಗಳು ಎರಡು. ಮಗ್ದಲದ ಮರಿಯಳನ್ನೂ ಬೆಥಾನಿಯದ ಮರಿಯಳನ್ನೂ ಕೃತಿ ಒಬ್ಬಳನ್ನಾಗಿಸುತ್ತದೆ. 6ನೆಯ ಶತಮಾನದ ಕೊನೆಯಲ್ಲಿ ಮಹಾ ಗ್ರೆಗೊರಿ, ಲೂಕ 7ರ ಪಾಪಿ ಸ್ತ್ರೀಯನ್ನೂ ಸೇರಿಸಿಕೊಂಡು, ಹೀಗೆಯೇ ಬೋಧಿಸಿದ್ದರು. 2021ರಲ್ಲಿ ಬೆಥಾನಿಯದ ಮರಿಯಳ ಸ್ಮರಣೆಯನ್ನು ಮಾರ್ತ, ಲಾಜರರೊಡನೆ ಜುಲೈ 29ಕ್ಕೆ ಸೇರಿಸಿದ ಧರ್ಮಸಭೆ ಇಬ್ಬರನ್ನೂ ಬೇರೆಯಾಗಿಯೇ ಕಾಣುತ್ತದೆ.

ಎರಡನೆಯದು ಇನ್ನೂ ಗಂಭೀರ. ತೋಟದಲ್ಲಿ ಯೇಸು ಹೆಸರು ಹಿಡಿದು ಕರೆಯುವಲ್ಲಿಗೆ ಕೃತಿ ಮುಗಿಯುತ್ತದೆ. ಯೊವಾನ್ನ 20:17-18ರ ಆಜ್ಞೆಯಾಗಲಿ, ಶಿಷ್ಯರ ಮುಂದೆ ಆಕೆ ನುಡಿದ ಸಾಕ್ಷ್ಯವಾಗಲಿ ಕೇಳಿಸುವುದಿಲ್ಲ. ಕರೆಯು ಪೂರ್ಣವಾಗುವುದು ಕಳುಹಿಸುವಿಕೆಯಲ್ಲಿ. 2016ರಲ್ಲಿ ಆಕೆಯ ಸ್ಮರಣೆಯನ್ನು ಹಬ್ಬದ ದರ್ಜೆಗೆ ಏರಿಸಿದಾಗ ಧರ್ಮಸಭೆ ಎತ್ತಿಹಿಡಿದದ್ದು ಈ ಪ್ರೇಷಿತಕಾರ್ಯವನ್ನೇ. ಜುಲೈ 22ರ ನಮ್ಮ ಪ್ರಬೋಧನೆಗಳು ಆಕೆಯ ಕಣ್ಣೀರಿನಲ್ಲೇ ನಿಂತುಬಿಟ್ಟರೆ, ಆಡಮ್ಸರನ್ನು ದೂರುವ ಹಕ್ಕು ನಮಗಿಲ್ಲ.