ಪ್ಲಗ್ ಮೇಲೆ ಗೂಬೆ ಕೂರಿಸುವವರು

ಜುಲೈ ಎರಡನೇ ಭಾನುವಾರ ಅಂತಾರಾಷ್ಟ್ರೀಯ ಜಾವಾ ದಿನ. ಅದಕ್ಕೆ ವಾರ ಇರುವಾಗಲೇ ಜಯನಗರ, ಬನಶಂಕರಿಯ ಪೋರ್ಟಿಕೊಗಳಲ್ಲಿ ಹೊದಿಕೆ ಸರಿದು ಕಿಕ್ಕರ್ ತುಳಿತ ಶುರುವಾಗುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಜಾವಾ-ಯಜ್ಡಿ ಬೈಕುಗಳ ತಯಾರಿಕೆ ನಿಂತದ್ದು 1996ರಲ್ಲಾದರೂ ಗಾಡಿಯ ಮೇಲಿನ ಮೋಹ ನಿಂತಿಲ್ಲ. ಎಷ್ಟು ತುಳಿದರೂ ಸ್ಟಾರ್ಟ್ ಆಗದಿದ್ದರೆ ಪ್ಲಗ್ ಬಿಚ್ಚುತ್ತಾರೆ. ಒದ್ದೆ, ಮೇಲೆ ಕರಿ. ‘ಪ್ಲಗ್ ಹೋಗಿದೆ ಸಾರ್’ ಎಂಬ ತೀರ್ಪು ಬೀಳುತ್ತದೆ; ಜೆ.ಸಿ. ರಸ್ತೆಯ ಅಂಗಡಿಗೆ ಒಂದು ವ್ಯಾಪಾರ.

ಪ್ಲಗ್ ಏನೂ ಮಾಡಿಲ್ಲ.

ಯಜ್ಡಿಯಂಥ ಟೂ-ಸ್ಟ್ರೋಕ್ ಗಾಡಿಯಲ್ಲಿ 2ಟಿ ಆಯಿಲ್ ಪೆಟ್ರೋಲಿನೊಂದಿಗೇ ಟ್ಯಾಂಕ್ ಸೇರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತಾಗ ಪೆಟ್ರೋಲಿನ ಹಗುರ ಅಂಶಗಳು ಹಾರಿಹೋಗುತ್ತವೆ, ಆಯಿಲ್ ಹಾರುವುದಿಲ್ಲ. ಟ್ಯಾಂಕಿಗಿಂತ ಕಾರ್ಬೊರೇಟರಿನ ಫ್ಲೋಟ್ ಬೌಲ್‌ನಲ್ಲಿ ಇದು ಬೇಗ: ಇರುವುದೇ ಒಂದಿಷ್ಟು, ಗಾಳಿಗೂ ತೆರೆದಿರುತ್ತದೆ. ಲೀಟರಿಗೆ 40 ಎಂ.ಎಲ್. ಲೆಕ್ಕದಲ್ಲಿ ಹಾಕಿದ ಆಯಿಲ್ ಅಲ್ಲಿ ಗಟ್ಟಿ ಕಷಾಯವಾಗಿ ಕೂತಿರುತ್ತದೆ. ಮೊದಲ ಕಿಕ್ಕಿಗೆ ಎಂಜಿನ್ ಕುಡಿಯುವುದು ಅದನ್ನೇ. ಹೊತ್ತಿಕೊಳ್ಳಲು ಬೇಕಾದ ಹಗುರ ಭಾಗವೂ ಇಲ್ಲ, ಮೇಲೆ ಆಯಿಲ್ ಬೇರೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಆಯಿಲ್, ಮಸಿ ಕೂತರೆ ಕರೆಂಟು ಗ್ಯಾಪ್ ಹಾರುವ ಬದಲು ಆ ಮಸಿಯ ಮೇಲೇ ಹರಿದು ಪ್ಲಗ್ಗಿನ ಲೋಹದ ಮೈಗೆ ಇಳಿಯುತ್ತದೆ. ನಿಂತೂ ನಿಂತೂ ಬ್ಯಾಟರಿಯೂ ಸೊರಗಿದ್ದರೆ ಕೇಳುವುದೇ ಬೇಡ.

ಇಲ್ಲಿ ‘ಹಾಟ್ ಪ್ಲಗ್’ ಪಂಥದವರ ಪ್ರವೇಶ. ಕರಿ ಹಿಡಿಯಿತೇ, ಹೆಚ್ಚು ಬಿಸಿ ಉಳಿಸಿಕೊಳ್ಳುವ ಪ್ಲಗ್ ಹಾಕಿ, ಮಸಿ ತಾನೇ ಸುಡುತ್ತದೆ ಎಂಬುದು ಅವರ ಸಿದ್ಧಾಂತ. ತುದಿ ಸುಮಾರು 450 ಡಿಗ್ರಿ ಮುಟ್ಟಿದರೆ ಮಸಿ ಸುಡುವುದು ನಿಜವೇ. ಆದರೆ ಆ ಬಿಸಿ ಬರುವುದು ಎಂಜಿನ್ ಓಡಿದ ಮೇಲೆ. ಸ್ಟಾರ್ಟೇ ಆಗದ ಗಾಡಿಗೆ ಈ ಮದ್ದು ಯಾಕೆ?

ನಂಬರಿನ ಗೊಂದಲವೂ ಕಡಿಮೆಯದಲ್ಲ. ಬಿಟಿಎಂನ ಮೈಕೋ ಲೇಔಟಿಗೆ ಹೆಸರು ಕೊಟ್ಟ, ಆಡುಗೋಡಿಯ ಮೈಕೋ ಈಗ ಬಾಷ್. ಆ ಕಂಪನಿಯ ಈಗಿನ ಪ್ಲಗ್‌ಗಳಲ್ಲಿ ನಂಬರ್ ಏರಿದಷ್ಟೂ ಪ್ಲಗ್ ಹಾಟ್. ಎನ್‌ಜಿಕೆಯಲ್ಲಿ ಏರಿದಷ್ಟೂ ಕೋಲ್ಡ್. ‘ಒಂದು ನಂಬರ್ ಮೇಲಿಂದು ಕೊಡಿ’ ಎಂದು ಅಂಗಡಿಯಲ್ಲಿ ಕೇಳುವವರು ಬ್ರ್ಯಾಂಡ್ ಹೇಳದಿದ್ದರೆ ಬೇಡದ್ದೇ ಕೈಗೆ ಬಂದೀತು.

ಇಷ್ಟೇ ಆಗಿದ್ದರೆ ನಷ್ಟ ಒಂದು ಪ್ಲಗ್ಗಿನದು. ಈಗ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್, ಇ20 ಬಂದಿದೆ. 2023ರ ಫೆಬ್ರುವರಿ 6ರಂದು ಅದಕ್ಕೆ ಚಾಲನೆ ಸಿಕ್ಕಿದ್ದೂ ಬೆಂಗಳೂರಿನಲ್ಲೇ. ಬರಿಯ ಪೆಟ್ರೋಲಿನ ಒಂದು ಪಾಲು ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಕಾರ್ಬೊರೇಟರಿನ ಹಳೆಯ ಜೆಟ್ ಬದಲಾಯಿಸದೆ ಇ20 ಓಡಿಸಿದರೆ ಗಾಳಿ ಹೆಚ್ಚಾಗಿ ಮಿಶ್ರಣ ಲೀನ್ ಆಗುತ್ತದೆ, ಬಿಸಿ ಏರಿ ಪ್ಲಗ್ ಬೆಳ್ಳಗಾಗುತ್ತದೆ. ಅಂದರೆ ನಿಂತ ಪೆಟ್ರೋಲಿಗೆ ಕರಿ, ಹೊಸ ಪೆಟ್ರೋಲಿಗೆ ಬಿಳಿ. ಕರಿ ಕಂಡು ಹಾಟ್ ಪ್ಲಗ್ ಹಾಕಿಸಿಕೊಂಡವರು ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಕನಕಪುರ ರಸ್ತೆಯಲ್ಲಿ ಆಕ್ಸಿಲರೇಟರ್ ತಿರುವಿದರೆ ಪಿಸ್ಟನ್ ಸೀಜ್ ಆಗಲು, ತೂತು ಬೀಳಲು ಬೇಕಾದ್ದೆಲ್ಲ ಸಿದ್ಧ.

ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕ್ ಮುಚ್ಚಳದ ವಾಷರ್ ಸವೆದು ಮಳೆನೀರು ಇಳಿದರೆ, ಮಿತಿ ಮೀರಿದಾಗ ನೀರು, ಎಥೆನಾಲ್ ಎರಡೂ ಬೇರೆಯಾಗಿ ತಳಕ್ಕೆ ಕೂರುತ್ತವೆ. 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ರಿಸರ್ವ್‌ಗೆ ತಿರುಗಿಸಿದವರ ಎಂಜಿನ್ನಿಗೆ ಸಿಗುವುದು ಆಯಿಲ್ ಇಲ್ಲದ ತಳದ ನೀರು.

ಗಾಡಿ ನಿಲ್ಲಿಸುವಾಗ ಟ್ಯಾಂಕ್ ಬರಿದು ಮಾಡಿ ಇಡಬೇಕೋ ತುಂಬಿ ಇಡಬೇಕೋ ಎಂಬ ಜಗಳದಲ್ಲಿ ಈ ಅಂಕಣ ತುಂಬುವವರ ಕಡೆ; ಬರಿದಾದ ತಗಡಿನ ಟ್ಯಾಂಕಿಗೆ ತುಕ್ಕು ಗ್ಯಾರಂಟಿ. ಬೌಲ್ ಮಾತ್ರ ಖಾಲಿಯಾಗಬೇಕು. ಜಾವಾ ದಿನದ ರ‍್ಯಾಲಿ ಮುಗಿಸಿ ಬಂದವರು ಟ್ಯಾಪ್ ಮುಚ್ಚಿ, ಆಕ್ಸಿಲರೇಟರ್ ಮುಟ್ಟದೆ, ಎಂಜಿನ್ ತಾನಾಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಬಿಡಲಿ. ಮುಂದಿನ ಸಲ ಬೌಲ್‌ಗೆ ಹೊಸ ಪೆಟ್ರೋಲ್ ಬಿಟ್ಟು, ಕಂಪನಿ ಹೇಳಿದ ನಂಬರಿನ ಆ ಹಳೆಯ ಪ್ಲಗ್ಗನ್ನೇ ಒರೆಸಿ ಹಾಕಿ ತುಳಿದು ನೋಡಲಿ.