ದಿವಾನರ ಅಭ್ಯುದಯವೂ ಪ್ರಜೆಗಳ ಮತವೂ: ಒಂದು ವಿಮರ್ಶೆ

ಮೈಸೂರು ಸಂಸ್ಥಾನದ ಆರ್ಥಿಕ ಇತಿಹಾಸವನ್ನು ಕುರಿತ ಚರ್ಚೆಗಳಲ್ಲಿ ಒಂದು ವಾದ ಮತ್ತೆ ಮತ್ತೆ ಕೇಳಿಬರುತ್ತದೆ. ಕಾರಖಾನೆ, ಬ್ಯಾಂಕು, ಅಣೆಕಟ್ಟುಗಳೆಲ್ಲ ದಕ್ಷ ದಿವಾನರಿಂದ ಬಂದವೇ ಹೊರತು ಮತದಾರರಿಂದಲ್ಲ; ಆದುದರಿಂದ ಸಂಪದಭಿವೃದ್ಧಿಗೆ ಪ್ರಜಾಪ್ರಭುತ್ವ ಅವಶ್ಯವಲ್ಲ ಎಂಬುದೇ ಆ ವಾದ. ಇದನ್ನು ಚನ್ನರಾಯಪಟ್ಟಣದಂತಹ ಬಯಲುಸೀಮೆಯ ತಾಲ್ಲೂಕಿನಲ್ಲಿ ನಿಂತು ಪರೀಕ್ಷಿಸುವುದು ನಮ್ಮ ಉದ್ದೇಶ.

ವಾದವು ನಿರಾಧಾರವೇನೂ ಅಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿತು. ಸಂಪದಭ್ಯುದಯ ಸಮಾಜ 1911ರಲ್ಲಿ, ಮೈಸೂರು ಬ್ಯಾಂಕು 1913ರಲ್ಲಿ, ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪಿತವಾದವು. ಆದರೆ 1881ರಲ್ಲಿಯೇ ರಂಗಾಚಾರ್ಲು ಅವರ ಕಾಲದಲ್ಲಿ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಸೇರಿತ್ತೆಂಬುದನ್ನು ಈ ವಾದ ಮರೆಯುತ್ತದೆ. ಆ ಸಭೆ ದಸರೆಯಲ್ಲಿ ಅಹವಾಲು ಹೇಳಬಹುದಿತ್ತು, ನಿರ್ಣಯಿಸುವಂತಿರಲಿಲ್ಲ. ಅದಕ್ಕೆ ಶಾಸನದ ಆಧಾರ ದೊರೆತದ್ದು 1923ರಲ್ಲಿ.

ಸ್ವೀಡನ್ನಿನ ವಿದ್ವಾಂಸ ಬ್ಯೋರ್ನ್ ಹೆಟ್ನೆ, ಪರೋಕ್ಷ ಆಳ್ವಿಕೆಯ ಕಟ್ಟುಪಾಡುಗಳು ಮೈಸೂರಿನ ಉದ್ಯಮನೀತಿಗೆ ಹಾಕಿದ ಎಲ್ಲೆಗಳನ್ನು ಚೆನ್ನಾಗಿ ತೋರಿಸಿದ್ದಾರೆ. ನಮಗೆ ಹೆಚ್ಚು ಉಪಯುಕ್ತವೆಂದು ತೋರುವುದು ಜೇಮ್ಸ್ ಮ್ಯಾನರ್ ಅವರ ವಿವೇಚನೆ: ರಾಜಧಾನಿಯ ರಾಜಕೀಯಕ್ಕೂ ಹಳ್ಳಿಯ ಪ್ರಮುಖರ ಅಧಿಕಾರಕ್ಕೂ ನಡುವೆ ದೊಡ್ಡ ಅಂತರವಿದ್ದಿತೆಂದು ಅವರು ಹೇಳುತ್ತಾರೆ. 1918ರಲ್ಲಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆ ನೀಡುವ ಪ್ರಶ್ನೆಯನ್ನು ಮಿಲ್ಲರ್ ಸಮಿತಿಗೆ ಒಪ್ಪಿಸಿದಾಗ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ತ್ಯಜಿಸಿದರು. ದಕ್ಷತೆಯೂ ಪ್ರಾತಿನಿಧ್ಯವೂ ಇಲ್ಲಿ ಎದುರೆದುರು ನಿಂತವು. ಆ ಮಹನೀಯರ ಸಾಧನೆಯನ್ನು ಗೌರವಿಸುತ್ತಲೇ, ಈ ಒಂದು ವಿಷಯದಲ್ಲಿ ನ್ಯಾಯ ಅರಮನೆಯ ಕಡೆಗಿತ್ತೆಂದು ನಾವು ಭಾವಿಸುತ್ತೇವೆ.

ಈಗ ನೀರಿನ ಪ್ರಶ್ನೆಗೆ ಬರೋಣ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಅದರ ನಾಲೆ ಮಂಡ್ಯದ ನೆಲವನ್ನು ಹಸುರಾಗಿಸಿತು. ಆ ಜಲಾಶಯಕ್ಕೆ ನೀರು ತರುವ ಹೇಮಾವತಿ ಹಾಸನ ಜಿಲ್ಲೆಯನ್ನು ಹಾದೇ ಹೋಗುತ್ತದೆ. ಆದರೂ ಚನ್ನರಾಯಪಟ್ಟಣದ ರೈತ ಬಹುಮಟ್ಟಿಗೆ ಮಳೆಯನ್ನೂ ಕೆರೆಯನ್ನೂ ನಂಬಿಯೇ ಉಳಿದ. ಇದಕ್ಕೆ ಮತವಿಲ್ಲದಿರುವುದೊಂದೇ ಕಾರಣವೆಂದರೆ ತಪ್ಪಾದೀತು. ಮದರಾಸಿನ ಆಕ್ಷೇಪಣೆಗಳೂ 1924ರ ಒಪ್ಪಂದವೂ ಇದ್ದವು. ಆದರೆ ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡದ್ದು ಚುನಾಯಿತ ಸರ್ಕಾರಗಳ ಕಾಲದಲ್ಲಿ, ಅದೂ ಯೋಜನಾ ಆಯೋಗದ ಸಮ್ಮತಿಯಿಲ್ಲದೆ, ರಾಜ್ಯದ ಸ್ವಂತ ಹಣದಿಂದ. ಲೆಕ್ಕಪತ್ರದ ದೃಷ್ಟಿಯಿಂದ ಇದು ಅಕ್ರಮವೆನಿಸಬಹುದು. ಜಿಲ್ಲೆಯ ಮತದಾರರಿಗೆ ಉತ್ತರ ಹೇಳಬೇಕಾದ ಸಚಿವರಿಗೆ ಮಾತ್ರ ಅಂತಹ ಸಾಹಸ ಸಾಧ್ಯವೆಂಬುದು ನಮ್ಮ ಅಭಿಪ್ರಾಯ.

ಅಸೆಮೊಗ್ಲು ಮತ್ತು ಅವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರಜಾಪ್ರಭುತ್ವಕ್ಕೆ ತಿರುಗಿದ ದೇಶಗಳ ತಲಾ ಉತ್ಪನ್ನವು ಸುಮಾರು 25 ವರ್ಷಗಳಲ್ಲಿ ಶೇಕಡ 20ರಷ್ಟು ಹೆಚ್ಚುತ್ತದೆ. ಗಮನಾರ್ಹವಾದ ಫಲಿತಾಂಶವೇ ಸರಿ. ಆದರೆ ಸರಾಸರಿಯ ಸಂಖ್ಯೆ ನಾಲೆ ಯಾವ ಊರಿನ ಕಡೆಗೆ ತಿರುಗಿತೆಂಬುದನ್ನು ಹೇಳಲಾರದು.

ಮತದ ಬಲವೂ ಎಲ್ಲರಿಗೂ ಸಮನಾಗಿ ದಕ್ಕಲಿಲ್ಲ. ಗೊರೂರಿನ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿ, ಅಲ್ಲಿಯ ಜನ ಬೇರೆಡೆ ಹೊಸದಾಗಿ ಬಾಳು ಕಟ್ಟಬೇಕಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದ ಮೂಲಕ ಹೇಮಾವತಿಯ ನೀರು ತುಮಕೂರಿನ ಕಡೆಗೆ ಹರಿಯುತ್ತದೆ. ಸುರಂಗ ಹಾದುಹೋದ ಹಳ್ಳಿಗಳ ರೈತರು ತಮ್ಮ ನಷ್ಟಕ್ಕೆ ಪರಿಹಾರ ಕೇಳುತ್ತ ಬಹುಕಾಲ ಹೋರಾಡಿದ್ದಾರೆ. ದಿವಾನರ ಕಾಲದಲ್ಲಿ ಅವರು ದಸರೆಯ ಸಭೆಯವರೆಗೆ ಕಾದು ಮನವಿ ಸಲ್ಲಿಸಬೇಕಾಗಿತ್ತು. ಈಗ ಅವರು ರಸ್ತೆಗಿಳಿದು ಕೇಳುತ್ತಾರೆ, ಐದು ವರ್ಷಕ್ಕೊಮ್ಮೆ ಮತಪೆಟ್ಟಿಗೆಯ ಮುಂದೆಯೂ ಕೇಳುತ್ತಾರೆ.