‘ಅಕಟಾ’ ಯಾರ ಮಾತು? ತರಗತಿಯಲ್ಲಿ ಕುಮಾರವ್ಯಾಸ

ಕೆಲವು ವರ್ಷಗಳಿಂದ ನಮ್ಮೂರಿನ ಗ್ರಂಥಾಲಯದ ಕೋಣೆಯೊಂದರಲ್ಲಿ ಭಾನುವಾರ ಬೆಳಿಗ್ಗೆ ದೊಡ್ಡ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೇನೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹಳೆಯ ಕಾವ್ಯ ಕಲಿಸಲು ನಾನು ಹಿಡಿದಿದ್ದ ದಾರಿ ಸುಲಭದ್ದು. ಪದ್ಯವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಡುವುದು, ಸಾರಾಂಶವನ್ನು ಇಂಗ್ಲಿಷಿನಲ್ಲಿ ಹೇಳುವುದು, ಗಮಕಿಗಳ ಧ್ವನಿಮುದ್ರಿಕೆ ಕೇಳಿಸುವುದು. ಮಗು ಅದನ್ನು ಬಾಯಿಪಾಠ ಮಾಡಿ ರಾಜ್ಯೋತ್ಸವದ ವೇದಿಕೆಯಲ್ಲಿ ಒಪ್ಪಿಸುತ್ತಿತ್ತು. ಅಜ್ಜಿ-ತಾತಂದಿರಿಗೆ ವಿಡಿಯೊ ಹೋಗುತ್ತಿತ್ತು. ಅದರ ಸಂತೋಷವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅರ್ಥ ಒಂದು ಕಡೆ, ಓದು ಇನ್ನೊಂದು ಕಡೆ ಉಳಿಯುತ್ತಿತ್ತು.

ಎರಡು ವರ್ಷದ ಹಿಂದೆ ಕುಮಾರವ್ಯಾಸನ ಉದ್ಯೋಗಪರ್ವದಿಂದ, ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗವನ್ನು ಆರಿಸಿಕೊಂಡೆ. ಈ ಸಲ ಸಾರಾಂಶ ಹೇಳಲಿಲ್ಲ. ಗಟ್ಟಿಯಾಗಿ ಓದಿ, ಎಲ್ಲಿ ನಿಲ್ಲಿಸಿದಿರಿ, ಏಕೆ ನಿಲ್ಲಿಸಿದಿರಿ ಎಂದಷ್ಟೇ ಕೇಳಿದೆ.

ಸಂಧಿ ಮುರಿದುಬಂದ ಮೇಲೆ ಕೃಷ್ಣ ಕರ್ಣನೊಡನೆ ಮೈದುನತನದ ಸರಸವಾಡುತ್ತ ಅವನನ್ನು ರಥದಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾನೆ. ಮೊದಲು ಓದಿದ ಹುಡುಗ ದೇವರ ಪಾತ್ರವೆಂದು ಗಂಭೀರವಾಗಿ ಓದಿದ. ‘ಮೈದುನ’ ಎಂದರೇನು ಎಂದು ಕೇಳಿದಾಗ ‘ಕಸಿನ್’ ಎಂದೆ. ಆ ಒಂದು ಪದದಿಂದ ಪದ್ಯವನ್ನೇ ಕೆಡಿಸಿದೆ. ಇಂಗ್ಲಿಷಿನ ಕಸಿನ್ ಎಲ್ಲರಿಗೂ ಸಲ್ಲುತ್ತದೆ. ನಮ್ಮಲ್ಲಿ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು ಅಣ್ಣತಮ್ಮಂದಿರು. ಸೋದರತ್ತೆ-ಸೋದರಮಾವನ ಮಕ್ಕಳು ಬಾವ-ಮೈದುನರು. ರೇಗಿಸುವ ಸಲಿಗೆ ಇರುವುದು ಇವರ ನಡುವೆ. ಕುಂತಿ ವಸುದೇವನ ಸೋದರಿ. ಆದ್ದರಿಂದ ಕರ್ಣ ಕೃಷ್ಣನಿಗೆ ಸೋದರತ್ತೆಯ ಮಗ. ಆದರೆ ಸೂತನ ಮಗನೆಂದೇ ಲೋಕ ತಿಳಿದವನ ಜೊತೆ ಈ ಸಲಿಗೆ ಎಲ್ಲಿಂದ ಬಂತು? ಇದನ್ನು ವಿವರಿಸಿದಾಗ ಅದೇ ಹುಡುಗ, “ಹಾಗಾದರೆ ಇನ್ನೂ ಹೇಳೋಕೆ ಮುಂಚೆನೇ ಕೃಷ್ಣ ಹೇಳಿಬಿಟ್ಟ, ಅಲ್ವಾ ಆಂಟಿ?” ಎಂದ. ಮೈಸೂರಿನಲ್ಲಿರುವ ಅವನ ಸೋದರಮಾವನ ಮಗ ಪ್ರತಿ ಬೇಸಿಗೆಯಲ್ಲೂ ಅವನ ಕನ್ನಡವನ್ನು ಆಡಿಕೊಳ್ಳುತ್ತಾನಂತೆ. ಎರಡನೆಯ ಸಲ ಆ ಸಾಲುಗಳನ್ನು ಅವನು ನಗುನಗುತ್ತ ಓದಿದ. ಆ ನಗುವಿನಲ್ಲಿ ಸ್ವಲ್ಪ ಕೇಡೂ ಇತ್ತು. ನನ್ನ ಹತ್ತು ನಿಮಿಷದ ವಿವರಣೆಗಿಂತ ಅದು ಮೇಲಾಗಿತ್ತು.

ಇನ್ನೊಂದು ಪದ್ಯದ ವಿಷಯ ಹೇಳಲೇಬೇಕು. ಗುಟ್ಟು ಕೇಳಿದ ಕರ್ಣನ ಗಂಟಲ ನರಗಳು ಉಬ್ಬುತ್ತವೆ, ಕಣ್ಣೀರು ನುಗ್ಗುತ್ತದೆ. ಅಯ್ಯೋ, ಕೌರವನಿಗೆ ಕೇಡಾಯಿತಲ್ಲ ಎಂದು ಮನಸ್ಸಿನೊಳಗೇ ಅಂದುಕೊಳ್ಳುತ್ತಾನೆ. ತನಗೆ ರಾಜ್ಯ ಬಂತೆಂದಲ್ಲ, ಗೆಳೆಯ ಕೆಟ್ಟನೆಂದು! ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೇ ಸಾಲುಗಳಿಗೆ 23 ಮಾತ್ರೆ. ಇಲ್ಲಿ ಎರಡನೆಯ ಸಾಲಿನ ಕೊನೆಯಲ್ಲಿ ‘ನೊಂದನು’ ಎಂಬ ಕವಿಯ ಮಾತೂ ‘ಅಕಟಾ’ ಎಂಬ ಕರ್ಣನ ಉದ್ಗಾರವೂ ಸಂಧಿಯಾಗಿ ಒಂದಕ್ಕೊಂದು ಅಂಟಿಕೊಂಡಿವೆ. ಬಾಯಿಪಾಠದ ಧಾಟಿಯಲ್ಲಿ ಸಾಲಿನ ಕೊನೆಗೆ ನಿಂತರೆ ‘ಅಕಟಾ’ ಕರ್ಣನಿಂದ ತಪ್ಪಿ ಕವಿಯ ಪಾಲಾಗುತ್ತದೆ. ‘ನೊಂದನು’ ಆದಮೇಲೆ ನಿಂತರೆ ಸಂಧಿ ಒಡೆದು ಲಯ ಕುಂಟುತ್ತದೆ. ಲಯ ಕೆಡದಂತೆ ದನಿ ಮಾತ್ರ ಬದಲಾಗಬೇಕು. ಕೇಳುವಾಗ ರಾಗವೆಂದು ನಾವು ತಲೆದೂಗುವ ಗಮಕದಲ್ಲಿ ಇಂಥ ಪದಚ್ಛೇದದ ನಿರ್ಧಾರಗಳು ಎಷ್ಟೋ ಅಡಗಿರುತ್ತವೆ. ಮುದ್ರಿಕೆಯನ್ನು ಅನುಕರಿಸುವ ಮಗುವಿಗೆ ರಾಗ ಸಿಗುತ್ತದೆ, ನಿರ್ಧಾರ ಸಿಗುವುದಿಲ್ಲ.

ಹದಿಮೂರರ ಹುಡುಗಿಯೊಬ್ಬಳು ಇದಕ್ಕೆ ತನ್ನದೇ ದಾರಿ ಕಂಡುಕೊಂಡಳು. ‘ಅಕಟಾ’ ಬರುವಷ್ಟರಲ್ಲಿ ದನಿಯನ್ನು ಪಿಸುಮಾತಿಗೆ ಇಳಿಸಿದಳು. “ಪಕ್ಕದಲ್ಲೇ ಕೃಷ್ಣ ಕೂತಿದಾನೆ, ಅವನಿಗೆ ಕೇಳಿಸಬಾರದು” ಎಂಬುದು ಅವಳ ಕಾರಣ. ಆ ದಿನ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ.

ಆ ವರ್ಷದ ಕಾವ್ಯವಾಚನ ಸ್ಪರ್ಧೆಗೆ ತೀರ್ಪುಗಾರರಲ್ಲಿ ನಾನೂ ಒಬ್ಬಳು. ಅಂಕಪಟ್ಟಿಯಲ್ಲಿದ್ದದ್ದು ಮೂರು: ಉಚ್ಚಾರ, ಕಂಠಪಾಠ, ಧ್ವನಿಯ ಸ್ಪಷ್ಟತೆ. ಆಕೆ ವೇದಿಕೆಯ ಮೇಲೂ ಪಿಸುಗುಟ್ಟಿದಳು. ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ. ಎಲ್ಲರಂತೆ ನಾನೂ ಸ್ಪಷ್ಟತೆಗೆ ಅಂಕ ಕಳೆದೆ. ಬಹುಮಾನ, ಒಂದೇ ಏರುದನಿಯಲ್ಲಿ ಹತ್ತು ಪದ್ಯ ತಪ್ಪಿಲ್ಲದೆ ಒಪ್ಪಿಸಿದ ಮಗುವಿಗೆ ಹೋಯಿತು. ಆ ಮಗುವಿನ ಶ್ರಮ ಕಡಿಮೆಯದಲ್ಲ. ಕಂಠಪಾಠವನ್ನು ನಾನು ಹೀಗಳೆಯುತ್ತಲೂ ಇಲ್ಲ; ಪದ್ಯ ನಾಲಿಗೆಯ ಮೇಲಿಲ್ಲದಿದ್ದರೆ ದನಿಯೊಡನೆ ಆಟವಾಡಲು ಬರುವುದೂ ಇಲ್ಲ. ಆದರೆ ಕುಮಾರವ್ಯಾಸನನ್ನು ಓದಿದವಳು ಯಾರು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪಟ್ಟಿಯಂತೆ ನಡೆದೆ. ಮರುವರ್ಷ ಆಕೆ ಹೆಸರು ಕೊಡಲಿಲ್ಲ. ಕೇಳಿದ್ದಕ್ಕೆ ಹೋಮ್‌ವರ್ಕ್ ಜಾಸ್ತಿ ಎಂದಳು.

ಈ ಸಲದ ಅಂಕಪಟ್ಟಿಯ ಕರಡು ನನ್ನ ಬಳಿ ಬಂದಿದೆ. ಅದಕ್ಕೆ ನಾಲ್ಕನೆಯ ಅಂಕಣವೊಂದನ್ನು ಸೇರಿಸಿದ್ದೇನೆ: ‘ಯಾರ ಮಾತು, ಯಾರಿಗೆ?’ ಜೊತೆಗೆ, ಓದಿದ ಮಗುವಿಗೆ ಎರಡು ನಿಮಿಷ ಪ್ರಶ್ನೆ ಕೇಳಲು ಅವಕಾಶವಿರಲೆಂದು ಬರೆದಿದ್ದೇನೆ. ಕಾರ್ಯಕ್ರಮ ಆಗಲೇ ಉದ್ದವಾಗಿದೆ, ಊಟ ತಡವಾಗುತ್ತದೆ ಎಂಬ ಆಕ್ಷೇಪಣೆಯೂ ಬಂದಿದೆ.